ಹೊಟ್ಟೆ ಕೊಯ್ಸಿಕೊಂಡ ವರ್ಷ

ನಾನು ನಿಂತಲ್ಲೇ ನಿದ್ದೆ ಹೋದದ್ದು ಮಸ್ಕಿ ದಾಟಿದ ಮೇಲೆ. ಮಧ್ಯಾಹ್ನ ಎರಡರ ಹೊತ್ತು. ಸಿಂಧನೂರಿನಿಂದ ಹೊರಟ ನಮ್ಮ ಬಸ್ಸು ಸಂತೆಕಲ್ಲೂರಿನ ಕಡೆ ಹೋಗುತ್ತಿತ್ತು. ನಾನು ಆ ಬಸ್ಸಿನ ಕಂಡಕ್ಟರ್, ಹನ್ನೊಂದು ವರ್ಷದಿಂದ ಅದೇ ಕೆಲಸ. ಮಸ್ಕಿಯಲ್ಲಿ ಅರ್ಧ ಬಸ್ಸು ಖಾಲಿಯಾಗಿತ್ತು. ಹತ್ತಿದವರಿಗೆಲ್ಲ ಟಿಕೆಟ್ ಕೊಟ್ಟು ಮುಗಿಸಿ, ಹಿಂದಿನ ಬಾಗಿಲ ಹತ್ತಿರದ ಸೀಟಿಗೆ ಸೊಂಟ ಆನಿಸಿ ನಿಂತದ್ದು ನೆನಪಿದೆ. ಆಮೇಲೆ ನೆನಪಿರುವುದು ಜನ ಬಸ್ಸಿನ ತಗಡು ಬಡಿಯುತ್ತಿದ್ದ ಸದ್ದು.

ನಡೆದದ್ದು ಇಷ್ಟು. ಸಂತೆಕಲ್ಲೂರಿಗೆ ಮೊದಲಿನ ಒಂದು ನಿಲ್ದಾಣದಲ್ಲಿ ಬಸ್ಸು ನಿಂತಿದೆ. ಒಬ್ಬ ಮುದುಕಿ ಹಿಂದಿನ ಬಾಗಿಲಿನಿಂದ ಇಳಿಯುತ್ತಿದ್ದಾಳೆ. ಮುಂದೆ ಕುಳಿತಿದ್ದ ಯಾರೋ ಹೆಂಗಸು ತನ್ನವರು ಇಳಿದರೆಂದು ‘ರೈಟ್’ ಅಂದಿದ್ದಾಳೆ. ಅದು ನನ್ನ ದನಿ ಎಂದುಕೊಂಡು ಡ್ರೈವರ್ ಗಾಡಿ ಬಿಟ್ಟಿದ್ದಾನೆ. ಒಂದು ಕಾಲು ನೆಲದ ಮೇಲೆ, ಒಂದು ಕಾಲು ಮೆಟ್ಟಿಲ ಮೇಲೆ ಇದ್ದ ಮುದುಕಿ ಕಂಬಿ ಹಿಡಿದುಕೊಂಡೇ ನಾಲ್ಕೈದು ಹೆಜ್ಜೆ ಎಳೆಸಿಕೊಂಡು ಹೋಗಿ, ಜನ ತಗಡು ಬಡಿದು ಬಸ್ಸು ನಿಂತಾಗ ಬಿದ್ದಿದ್ದಾಳೆ.

ನಾನು ಇಳಿದೆ. ಇಳಿಯುವುದೇ ನನಗೆ ಒಂದು ಕೆಲಸವಾಗಿತ್ತು ಆಗ. ನೂರಾ ಇಪ್ಪತ್ತೊಂದು ಕಿಲೋ ಇದ್ದೆ. ಮುದುಕಿ ರಸ್ತೆಯ ಮಗ್ಗುಲಿನ ಗರಸಿನ ಮೇಲೆ ಕುಳಿತು, ಚೀಲದಿಂದ ಚೆಲ್ಲಿದ ಮಾತ್ರೆಗಳನ್ನು ಆರಿಸಿಕೊಳ್ಳುತ್ತಿದ್ದಳು. ಅಂಗೈ ತರಚಿತ್ತು, ಮೊಣಕಾಲ ಹತ್ತಿರ ಸೀರೆಗೆ ರಕ್ತ ಹತ್ತಿತ್ತು. ಹಿಂದಿನ ಚಕ್ರ ಅವಳಿಂದ ಒಂದು ಮಾರು ದೂರದಲ್ಲಿ ನಿಂತಿತ್ತು. ನಾನು ಬಗ್ಗಿದಾಗ ಅವಳು ನನಗಷ್ಟೇ ಕೇಳುವ ಹಾಗೆ ಅಂದಳು: “ಆರಾಮಿಲ್ಲೇನವಾ ನಿನಗ? ಕಣ್ಣು ಮುಚ್ಚಿದ್ದಿ ನೀ. ನಾ ನೋಡೀನಿ.”

ಅಷ್ಟರಲ್ಲಿ ಡ್ರೈವರ್ ಓಡಿ ಬಂದ. ಅವನಿಗೆ ಅವಳು, ತನ್ನ ಕಾಲೇ ಜಾರಿತು, ಯಾರದೂ ತಪ್ಪಿಲ್ಲ ಅಂದಳು. ಪ್ರಯಾಣಿಕರು ನೀರು ಕೊಟ್ಟರು. ಅವಳು ಎದ್ದು, ಕುಂಟುತ್ತ, ಹೊಲದ ದಾರಿ ಹಿಡಿದು ಹೋದಳು. ನಾನು ಸೀಟಿ ಊದಿದೆ. ಉಸಿರು ಸಾಲದೆ ಮೊದಲನೇ ಸಲ ಸದ್ದೇ ಬರಲಿಲ್ಲ.

ಎಂಟು ದಿನ ಯಾರಿಗೂ ಹೇಳಲಿಲ್ಲ. ನಿದ್ದೆ ಬರುವುದು ನನಗೆ ಹೊಸದಾಗಿರಲಿಲ್ಲ. ಎರಡು ವರ್ಷದಿಂದ ಎಲ್ಲಿ ಕುಳಿತರೆ ಅಲ್ಲಿ ಕಣ್ಣು ಎಳೆಯುತ್ತಿತ್ತು. ಡಿಪೋದಲ್ಲಿ ಲೆಕ್ಕ ಒಪ್ಪಿಸುವಾಗ, ಅನ್ನ ಕಲಸುವಾಗ, ಒಮ್ಮೆ ಮಗಳ ಕಾಲೇಜಿನ ಪಾಲಕರ ಸಭೆಯಲ್ಲಿ. ಜನ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ಆ ದಿನದ ನಂತರ ಪ್ರತಿ ನಿಲ್ದಾಣದಲ್ಲೂ ಹಿಂದಿನ ಚಕ್ರ ನೋಡದೆ ಸೀಟಿ ಊದಲು ಆಗುತ್ತಿರಲಿಲ್ಲ. ನಿದ್ದೆ ಬಾರದಿರಲೆಂದು ತೊಡೆ ಚಿವುಟಿಕೊಳ್ಳುತ್ತಿದ್ದೆ. ತೊಡೆಯೆಲ್ಲ ನೀಲಿಗಟ್ಟಿತು.

ನನ್ನ ಗಂಡ ಟೇಲರ್. ಸಿಂಧನೂರು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ನನ್ನ ಖಾಕಿ ಅಂಗಿಗಳನ್ನು ವರ್ಷಕ್ಕೊಮ್ಮೆ ಅವರೇ ಬಿಚ್ಚಿ, ಮಗ್ಗುಲಿಗೆ ಬಟ್ಟೆ ಸೇರಿಸಿ, ಅಗಲ ಮಾಡಿ ಕೊಡುತ್ತಿದ್ದರು. ಒಮ್ಮೆಯೂ ಅಳತೆ ಎಷ್ಟೆಂದು ಬಾಯಿಬಿಟ್ಟು ಹೇಳಿದವರಲ್ಲ. ಒಂಬತ್ತನೇ ದಿನ ಅಂಗಡಿಗೆ ಹೋಗಿ ಮುದುಕಿಯ ಸಂಗತಿ ಹೇಳಿದೆ. ಅವರು ಮಿಷನ್ ನಿಲ್ಲಿಸಿದರು. ಆಮೇಲೆ ಅವರೂ ಒಂದು ಮಾತು ಹೇಳಿದರು. ಮಲಗಿದಾಗ ನನ್ನ ಗೊರಕೆ ಒಮ್ಮೆಲೇ ನಿಂತುಬಿಡುತ್ತದಂತೆ. ಎದೆ ಏಳುವುದಿಲ್ಲವಂತೆ. ಅವರು ಎಣಿಸುತ್ತಾರಂತೆ, ಇಪ್ಪತ್ತು, ಮೂವತ್ತು. ಆಮೇಲೆ ಭುಜ ಹಿಡಿದು ಅಲುಗಾಡಿಸುತ್ತಾರಂತೆ. ನನಗೆ ಎಚ್ಚರವೇ ಆಗುತ್ತಿರಲಿಲ್ಲ.

“ಯಾಕ ಹೇಳಲಿಲ್ಲ ನೀವು?” ಅಂದೆ.

“ಹೇಳಿದ್ರ ನೀ ಮಕ್ಕೊಳ್ಳಾಕ ಅಂಜತಿದ್ದಿ,” ಅಂದರು.

ಸಿಂಧನೂರಿನ ಡಾಕ್ಟರ ಹತ್ತಿರ ಇಬ್ಬರೂ ಹೋದೆವು. ಅವರು ನನ್ನ ಕುತ್ತಿಗೆಯ ಸುತ್ತಳತೆ ತೆಗೆದುಕೊಂಡರು, ರಕ್ತ ತೆಗೆಸಿದರು, ಬೆರಳಿಗೆ ಒಂದು ಚಿಮಟ, ಎದೆಗೆ ಒಂದು ಪಟ್ಟಿ ಕಟ್ಟಿ ಮಲಗಿಸುವ ಪರೀಕ್ಷೆ ಮಾಡಿಸಿದರು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ಮತ್ತೆ ಮತ್ತೆ ನಿಲ್ಲುತ್ತದೆ, ಹೀಗಾಗಿ ಹಗಲು ನಿದ್ದೆ ಎಳೆಯುತ್ತದೆ ಅಂದರು. ಸಕ್ಕರೆ ಕಾಯಿಲೆ ಮಾತ್ರೆಗೆ ಬಗ್ಗದಷ್ಟು ಏರಿತ್ತು, ಬಿಪಿಯೂ ಇತ್ತು. ಮೂಗಿಗೆ ಹಾಕಿಕೊಂಡು ಮಲಗುವ ಗಾಳಿಯ ಯಂತ್ರ ಬರೆದುಕೊಟ್ಟರು. ಅದನ್ನು ಹಾಕಿಕೊಂಡ ಮೂರನೇ ದಿನವೇ ಹಗಲು ಕಣ್ಣು ಬಿಟ್ಟುಕೊಂಡವು. ಆದರೆ ಕರೆಂಟು ಹೋದರೆ ಯಂತ್ರ ನಿಲ್ಲುತ್ತದೆ. ನಿದ್ದೆಯಲ್ಲಿ ನಾನೇ ಕಿತ್ತು ಒಗೆದದ್ದೂ ಉಂಟು. ಆ ಮರುದಿನ ಕೆಲಸಕ್ಕೆ ಹೋಗಲು ಭಯ. ಡಿಪೋ ಮ್ಯಾನೇಜರರಿಗೆ ಉಸಿರಿನ ತೊಂದರೆ ಎಂದಷ್ಟೇ ಹೇಳಿ, ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವ ಕೆಲಸ ಬೇಡಿ ಪಡೆದೆ. ಅರ್ಧ ಸತ್ಯ ಹೇಳಿದ ಸಂಕಟ ಬೇರೆ.

ತೂಕ ಇಳಿಸಲು ನಾನು ಮಾಡದ್ದು ಇರಲಿಲ್ಲ. ನಮ್ಮದು ಕಾಲುವೆ ನೀರಿನ ಸೀಮೆ, ಮೂರು ಹೊತ್ತೂ ಅನ್ನ. ಅನ್ನ ಬಿಟ್ಟು ಬರೀ ರೊಟ್ಟಿ ತಿಂದೆ, ರೊಟ್ಟಿ ಬಿಟ್ಟು ಸೌತೆಕಾಯಿ ತಿಂದೆ, ಕಾಲುವೆ ದಂಡೆಗುಂಟ ಬೆಳಿಗ್ಗೆ ನಡೆದೆ. ಎಂಟು ಕಿಲೋ ಇಳಿಯುತ್ತಿತ್ತು, ಹತ್ತು ಏರುತ್ತಿತ್ತು. ಇದನ್ನೆಲ್ಲ ಕೇಳಿ ಡಾಕ್ಟರು ಹೊಟ್ಟೆಯ ಶಸ್ತ್ರಚಿಕಿತ್ಸೆಯ ಮಾತು ಎತ್ತಿದರು. ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಬಾಳೆಕಾಯಿಯಷ್ಟು ದಪ್ಪದ ಕೊಳವೆ ಉಳಿಸುತ್ತಾರೆ. ಹುಬ್ಬಳ್ಳಿಯಲ್ಲಿ ಮಾಡುತ್ತಾರೆ. ಪೂರಾ ಅರಿವಳಿಕೆ ಕೊಡಬೇಕಾಗುತ್ತದೆ.

ನನಗೆ ಕತ್ತರಿಯ ಭಯ ಅಷ್ಟು ಆಗಲಿಲ್ಲ. ಭಯ ಆದದ್ದು ಅರಿವಳಿಕೆ ಅನ್ನುವ ಮಾತಿಗೆ. ನಿದ್ದೆ ಹೋದರೆ ಉಸಿರು ನಿಲ್ಲುವವಳು ನಾನು. ಅಂಥವಳನ್ನು ಬೇಕೆಂದೇ ನಿದ್ದೆಗೆ ಹಾಕುತ್ತಾರೆ. ಭುಜ ಹಿಡಿದು ಅಲುಗಾಡಿಸಲು ಗಂಡ ಅಲ್ಲಿರುವುದಿಲ್ಲ.

ಇದೇ ಚಿಕಿತ್ಸೆ ಮಾಡಿಸಿಕೊಂಡ ಒಬ್ಬ ಶಿಕ್ಷಕಿಯನ್ನು ಕೇಳಿ ನೋಡಿ ಎಂದು ಡಾಕ್ಟರು, ಆ ಶಿಕ್ಷಕಿಯ ಒಪ್ಪಿಗೆ ಪಡೆದು, ವಿಳಾಸ ಕೊಟ್ಟರು. ಅವರ ಮನೆ ಲಿಂಗಸುಗೂರಿನಲ್ಲಿ. ಒಂದು ಭಾನುವಾರ ಒಬ್ಬಳೇ ಹೋದೆ. ಬಾಗಿಲು ತೆಗೆದ ಹೆಂಗಸು ಸಣಕಲು, ನನ್ನಷ್ಟೇ ವಯಸ್ಸು. ಇವರೇ ಅಂದುಕೊಳ್ಳಲಿಲ್ಲ ನಾನು. ಅವರು ನನಗೆ ತಟ್ಟೆಯಲ್ಲಿ ನಾಲ್ಕು ಇಡ್ಲಿ ಕೊಟ್ಟು, ತಾವು ಒಂದರ ಅರ್ಧ ತೆಗೆದುಕೊಂಡು, ಅದನ್ನು ಮಾತಿನ ಮಧ್ಯೆ ಅರ್ಧ ಗಂಟೆ ತಿಂದರು. ತೋಳಿನ ಸೆರಗು ಸರಿಸಿ ಜೋತುಬಿದ್ದ ಚರ್ಮ ತೋರಿಸಿದರು. ನಾಲ್ಕನೇ ತಿಂಗಳಲ್ಲಿ ಕೂದಲು ಉದುರಿದ್ದು, ಮದುವೆ ಮನೆಯಲ್ಲಿ ಉಣ್ಣದಿದ್ದಕ್ಕೆ ಬೀಗರು ಮುನಿಸಿಕೊಂಡದ್ದು, ಊರವರು ಕ್ಯಾನ್ಸರ್ ಎಂದು ಆಡಿಕೊಂಡದ್ದು, ಎಲ್ಲ ಹೇಳಿದರು. ಈಗ ಸಕ್ಕರೆಯ ಮಾತ್ರೆ ಇಲ್ಲ, ಶಾಲೆಯ ಮೇಲಿನ ಮಹಡಿಗೆ ನಡೆದು ಹತ್ತುತ್ತೇನೆ ಎಂದೂ ಹೇಳಿದರು. ನಾನು ಹೊರಡುವಾಗ ಗೇಟಿನವರೆಗೆ ಬಂದರು.

“ಮಾಡಿಸ್ಕೊರಿ ಅಂತ ನಾ ಹೇಳಂಗಿಲ್ಲ, ಬ್ಯಾಡ ಅಂತನೂ ಹೇಳಂಗಿಲ್ಲ,” ಅಂದರು. “ಆದ್ರ ಅಂಜಿಕಿ ಕಳೀತೈತಿ ಅಂತ ತಿಳ್ಕೊಂಡು ಹೋಗಬ್ಯಾಡ್ರಿ. ನಾ ಈಗ ಒಂದೊಂದು ತುತ್ತಿಗೂ ಅಂಜತೀನಿ.”

ಬಸ್ಸಿನಲ್ಲಿ ತಿರುಗಿ ಬರುವಾಗ ನನ್ನ ಎದುರಿಗೆ ಎರಡು ಭಯಗಳಿದ್ದವು. ಟೇಬಲ್ಲಿನ ಮೇಲೆ ನಾನು ಸಾಯುವುದು ಒಂದು. ನನ್ನ ನಿದ್ದೆಯಿಂದ ಇನ್ನೊಬ್ಬರು ಸಾಯುವುದು ಇನ್ನೊಂದು. ಕಿಟಕಿಯ ಕೆಲಸ ಆರು ತಿಂಗಳಿಗೆ ಮಾತ್ರ, ಮತ್ತೆ ಬಸ್ಸಿಗೆ ಹೋಗಲೇಬೇಕು. ಮಸ್ಕಿ ಬರುವ ಹೊತ್ತಿಗೆ ಮಾಡಿಸಿಕೊಳ್ಳುವುದು ಎಂದು ತೀರ್ಮಾನವಾಗಿತ್ತು. ಧೈರ್ಯ ಬಂದು ತೀರ್ಮಾನ ಮಾಡಿದೆ ಎಂದರೆ ಸುಳ್ಳಾದೀತು. ಎರಡನೆಯ ಭಯ ದೊಡ್ಡದಿತ್ತು, ಅಷ್ಟೇ.

ಗಂಡ ಒಪ್ಪಲಿಲ್ಲ. ನೀ ಹೆಂಗಿದ್ದೀ ಹಂಗ ಇರು, ನನಗೇನು ತ್ರಾಸಿಲ್ಲ, ಅಂಗಿ ಎಷ್ಟು ಅಗಲ ಬೇಕು ಅಷ್ಟು ಮಾಡಿಕೊಡ್ತೀನಿ ಅಂದರು. ಮುಕ್ಕುಂದದಲ್ಲಿರುವ ನನ್ನ ಅಕ್ಕನಂತೂ ಜಗಳಕ್ಕೇ ಬಂದಳು. ತಾಯಿ ತೀರಿದ ಮೇಲೆ ನನ್ನನ್ನು ಬೆಳೆಸಿದವಳು ಅವಳೇ. ಭತ್ತದ ನಾಟಿಯ ದಿನ ಅವಳ ಮನೆಗೆ ಹೋಗಿ ವಿಷಯ ತಿಳಿಸಿದೆ. ಬಿಸಿ ರೊಟ್ಟಿ, ಪುಂಡಿಪಲ್ಯ, ಬುತ್ತಿಯ ಗಂಟು, ಹೊಲಕ್ಕೆ ಒಯ್ಯುವ ಗಡಿಬಿಡಿ. ಅವಳು ಕೈಯಲ್ಲಿದ್ದ ಹಿಟ್ಟನ್ನು ಪರಾತಕ್ಕೆ ಒಗೆದು, “ಜಡ್ಡಿಲ್ಲದ ಹೊಟ್ಟಿ ಕೊಯ್ಸಾಕ ಹೊಂಟೀಯಲ್ಲ ನೀ,” ಅಂದಳು. ನಾನು ಬಸ್ಸಿನ ಸಂಗತಿ ಹೇಳಿದೆ. ಎರಡು ರೊಟ್ಟಿ ಹಾಕಿದಳು, ನಾನು ಎದುರು ಹೇಳದೆ ತಿಂದೆ, ಮೂರನೆಯದು ಹಾಕಿದಳು. ಹುಬ್ಬಳ್ಳಿಗೆ ಹೊರಡುವ ದಿನ ಯಾರೂ ಕರೆಯದೆ, ಒಂದು ಕೈಚೀಲ ಹಿಡಿದುಕೊಂಡು, ನಮಗಿಂತ ಮೊದಲೇ ನಿಲ್ದಾಣದಲ್ಲಿ ಬಂದು ಕುಳಿತಿದ್ದಳು.

ಅದಕ್ಕೂ ಮೊದಲು ನಾನು ಮಾಡಿದ ಕೆಲಸ ಇನ್ನೊಂದಿದೆ. ಸತ್ತರೆ ಆ ಮುದುಕಿಯ ಋಣ ಉಳಿಯುತ್ತದೆ ಅನ್ನಿಸಿತು. ಅವಳು ಬಿದ್ದ ನಿಲ್ದಾಣದಲ್ಲಿ ಇಳಿದು, ಹೊಲದ ದಾರಿ ಹಿಡಿದು, ಕೇಳುತ್ತ ಕೇಳುತ್ತ ಹೋದೆ. ಕುರಿ ಸಾಕುವವರ ಮನೆ. ಅವಳು ಬೇವಿನ ಗಿಡದ ಕೆಳಗೆ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮೊಣಕಾಲು ಒಂದು ಚೂರು ಬಿಗಿ ಹಿಡಿದಿತ್ತು, ಉಳಿದಂತೆ ಗಟ್ಟಿ ಇದ್ದಳು. ನಾನು ತಪ್ಪಾಯಿತು ಅಂದೆ. ಅಳು ಬಂತು. ಯಾಕೆ ಸುಳ್ಳು ಹೇಳಿದಿ ಎಂದೂ ಕೇಳಿದೆ.

“ಖರೆ ಹೇಳಿದ್ರ ನಿನ್ನ ನೌಕರಿ ಹೋಗತಿತ್ತು,” ಅಂದಳು. ಮೊರದಿಂದ ಒಂದು ಕಲ್ಲು ಆರಿಸಿ ಒಗೆದು, “ನಾ ಕಂಬಿ ಬಿಟ್ಟಿದ್ರ ಚಕ್ರದ ಕೆಳಗ ಸಾಯತಿದ್ದೆ. ಅದನ್ನೂ ಮರೀಬ್ಯಾಡ,” ಅಂದಳು.

ಅವಳು ಕ್ಷಮಿಸಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಮಜ್ಜಿಗೆ ಕೊಟ್ಟಳು. ಕುಡಿದು ಬಂದೆ.

ಆಪರೇಷನ್ನಿಗೆ ಎರಡು ವಾರ ಮೊದಲಿನಿಂದ ಬರೀ ನೀರಿನಂಥ ಆಹಾರ. ಯಕೃತ್ತು ಕುಗ್ಗಬೇಕು ಎಂದಿದ್ದರು. ತಲೆ ತಿರುಗುತ್ತಿತ್ತು, ಓಣಿಯ ಯಾವ ಮನೆಯಲ್ಲಿ ಏನು ಒಗ್ಗರಣೆ ಎಂದು ಹೇಳಬಲ್ಲವಳಾಗಿದ್ದೆ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸಹಿ ಮಾಡುವ ಕಾಗದದಲ್ಲಿ ಆಗಬಹುದಾದ ಕೇಡುಗಳ ಪಟ್ಟಿ ಇತ್ತು. ಹೊಲಿಗೆ ಸೋರುವುದು, ರಕ್ತಸ್ರಾವ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಸಾವು. ಸಾವು ಅನ್ನುವುದನ್ನು ಉಳಿದವುಗಳ ಜೊತೆ ಅದೇ ಅಕ್ಷರದಲ್ಲಿ ಬರೆದಿದ್ದರು. ಗಂಡ ಪೂರಾ ಓದಿದರು. ಓದಿ, ಕತ್ತರಿಸಿದ ಹೊಟ್ಟೆಯನ್ನು ಯಾವ ದಾರದಿಂದ ಹೊಲಿಯುತ್ತೀರಿ ಎಂದು ಸರ್ಜನ್‌ರನ್ನು ಕೇಳಿದರು. ಸರ್ಜನ್ ನಗಲಿಲ್ಲ. ದಾರವಲ್ಲ, ಸಣ್ಣ ಲೋಹದ ಪಿನ್ನುಗಳ ಸಾಲು ಎಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಗಂಡ ಆ ಕಾಗದ ಬೇಡಿ ತೆಗೆದುಕೊಂಡು ಜೇಬಿಗಿಟ್ಟುಕೊಂಡು, ಆಮೇಲೆ ಸಹಿ ಮಾಡಿದರು.

ಬೆಳಿಗ್ಗೆ ಬಳೆ, ತಾಳಿ, ಕಾಲುಂಗುರ ತೆಗೆದು ಮಗಳ ಕೈಗೆ ಕೊಟ್ಟೆ. ಅವಳು ಪಿಯುಸಿ ಓದುತ್ತಿದ್ದಳು. ಅವಳಿಗೆ ಏನೋ ದೊಡ್ಡ ಮಾತು ಹೇಳಬೇಕೆಂದು ಹಿಂದಿನ ದಿನವೆಲ್ಲ ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಗ್ಯಾಸಿನ ಪುಸ್ತಕ ಎಲ್ಲಿದೆ ಎಂಬುದು ಮಾತ್ರ. ಅಕ್ಕ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.

ಒಳಗೆ ಚಳಿ. ಟೇಬಲ್ಲು ನನ್ನ ಮೈಗಿಂತ ಕಿರಿದೆನಿಸಿತು, ಬಿದ್ದೇನೆಂದು ಎರಡೂ ಕೈಯಿಂದ ಅಂಚು ಹಿಡಿದೆ. ಅರಿವಳಿಕೆಯ ಡಾಕ್ಟರು ವಯಸ್ಸಾದ ಹೆಂಗಸು. ನನ್ನ ಹಲ್ಲು ಕಟಕಟ ಅನ್ನುವುದನ್ನು ನೋಡಿ ಬಾಗಿದರು. ನಾನು ಸರ್ಜನ್‌ಗೆ ಹೇಳಿದ್ದನ್ನೇ ಮತ್ತೆ ಹೇಳಿದೆ, ಮಲಗಿದರೆ ನನ್ನ ಉಸಿರು ನಿಲ್ಲುತ್ತದೆ, ಅಲುಗಾಡಿಸಬೇಕು ಎಂದು.

“ನಿಮ್ಮ ಉಸಿರು ಇವತ್ತು ನನ್ನ ಜವಾಬ್ದಾರಿ. ನಾನು ಎದ್ದು ಎಲ್ಲೂ ಹೋಗೋದಿಲ್ಲ,” ಅಂದರು.

ಅವರ ಕಣ್ಣು ನೋಡುತ್ತಿದ್ದೆ. ಹಿಡಿದ ಅಂಚು ಬಿಡಬಾರದು ಅಂದುಕೊಳ್ಳುತ್ತಿದ್ದೆ. ಆಮೇಲೆ ಯಾರೋ ಕಣ್ಣು ಬಿಡ್ರಿ ಎಂದು ಕರೆಯುತ್ತಿದ್ದರು. ಗಂಟಲಲ್ಲಿ ಕೊಳವೆ ಇತ್ತು. ಮಾತಾಡಲಾಗದೆ, ಸತ್ತಿಲ್ಲ ಎಂದು ತಿಳಿಸಲು ಕಾಲ್ಬೆರಳು ಆಡಿಸಿದೆ.

ಮೊದಲ ದಿನಗಳಲ್ಲಿ ಔಷಧದ ಬಾಟಲಿಯ ಮುಚ್ಚಳದಲ್ಲಿ ನೀರು. ಕಾಲು ಗಂಟೆಗೆ ಒಂದು ಮುಚ್ಚಳ. ನಾಲ್ಕನೇ ದಿನ ಊರಿಗೆ ಬಂದೆವು. ಒಂಬತ್ತನೇ ದಿನ ಬೆಳಿಗ್ಗೆ ಎದ್ದಾಗ ಎದೆ ಓಡುತ್ತಿತ್ತು. ಮೈ ಬಿಸಿ, ಎಡ ಭುಜದಲ್ಲಿ ನೋವು. ಹೊಲಿಗೆ ಸೋರಿದರೆ ಹೀಗೇ ಆಗುತ್ತದೆ, ತಡಮಾಡದೆ ಬರಬೇಕು ಎಂದು ಆಸ್ಪತ್ರೆಯವರು ಕೊಟ್ಟ ಹಾಳೆಯಲ್ಲಿ ಬರೆದಿತ್ತು. ಗಂಡ ಹುಬ್ಬಳ್ಳಿಗೆ ಫೋನ್ ಮಾಡಿದರು, ಕೂಡಲೇ ಹೊರಡಿ ಎಂದು ಅಲ್ಲಿಯವರು ಅಂದರು. ಕಾರು ಸಿಂಧನೂರು ಬಿಟ್ಟಾಗಿನಿಂದ ನಾನು ನನ್ನ ನಾಡಿ ಎಣಿಸುತ್ತಲೇ ಇದ್ದೆ. ಮಗಳು ಮುಂದೆ ಕುಳಿತು ತಿರುಗಿ ತಿರುಗಿ ನೋಡುತ್ತಿದ್ದಳು. ಒಳಗೆ ಪಿನ್ನುಗಳ ಸಾಲು ಒಂದೊಂದೇ ಬಿಚ್ಚುತ್ತಿದೆ ಎಂದು ನನಗೆ ಖಾತ್ರಿಯಾಗಿತ್ತು. ಗಂಡ ಜೇಬಿನಿಂದ ಆ ಚಿತ್ರದ ಕಾಗದ ತೆಗೆದು ತೊಡೆಯ ಮೇಲೆ ಬಿಡಿಸಿಟ್ಟುಕೊಂಡಿದ್ದರು. ಹೊಲಿಗೆ ಬಿಟ್ಟ ಜಾಗ ಅದರಲ್ಲಿ ಕಾಣುತ್ತದೆಯೋ ಎಂಬಂತೆ ನೋಡುತ್ತಿದ್ದರು. ಆ ನಾಲ್ಕೈದು ಗಂಟೆಯ ದಾರಿಯಲ್ಲಿ ಪಟ್ಟಷ್ಟು ಭಯ ನಾನು ಆಪರೇಷನ್ನಿನ ದಿನವೂ ಪಟ್ಟಿರಲಿಲ್ಲ. ಯಾರೂ ಒತ್ತಾಯಿಸದೆ ನಾನೇ ಬೇಡಿ ತಂದುಕೊಂಡದ್ದು ಇದು ಎಂಬ ಮಾತು ತಲೆಯಿಂದ ಹೋಗಲಿಲ್ಲ.

ಸೋರಿರಲಿಲ್ಲ. ಬಣ್ಣದ ನೀರು ಕುಡಿಸಿ ಸ್ಕ್ಯಾನ್ ಮಾಡಿದರು, ಹೊಲಿಗೆ ಗಟ್ಟಿ ಇತ್ತು. ಎದೆಯಲ್ಲಿ ಸ್ವಲ್ಪ ಸೋಂಕು, ಮತ್ತೆ ನಾನು ಕುಡಿಯಬೇಕಾದಷ್ಟು ನೀರು ಕುಡಿದಿರಲಿಲ್ಲ. ಹೊಟ್ಟೆ ಒಡೆದೀತೆಂಬ ಭಯಕ್ಕೆ ಮುಚ್ಚಳದಲ್ಲೂ ಅರ್ಧ ಬಿಡುತ್ತಿದ್ದೆ. ಮೂರು ದಿನ ಸಲೈನ್ ಹಾಕಿ ಕಳಿಸಿದರು. ಸೋರಿಲ್ಲ ಎಂದು ತಿಳಿದ ಕೂಡಲೇ ಗಂಡ ಹೊರಗೆ ಹೋಗಿ ಬಹಳ ಹೊತ್ತು ಬಂದಿರಲಿಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದರು.

ನಂತರದ್ದು ನಿಧಾನ. ತೂಕ ಇಳಿಯಿತು, ಸಕ್ಕರೆ ಇಳಿಯಿತು. ಐದನೇ ತಿಂಗಳಿಗೆ ಮತ್ತೆ ನಿದ್ದೆಯ ಪರೀಕ್ಷೆ ಮಾಡಿ, ಯಂತ್ರ ಬೇಡ ಅಂದರು. ಕೂದಲು ಹಿಡಿ ಹಿಡಿ ಬಂತು. ಎರಡು ತುತ್ತು ಅನ್ನ ಅವಸರದಲ್ಲಿ ನುಂಗಿದರೆ ಎದೆಗೂಡಿನ ಕೆಳಗೆ ಕಲ್ಲು ನಿಂತಂತಾಗಿ, ಬಾಯಲ್ಲಿ ನೀರು ತುಂಬಿ, ವಾಂತಿಯಾಗುತ್ತಿತ್ತು. ಬಸ್ಸಿನ ಕೆಲಸಕ್ಕೆ ಮರಳಿದ ಮೊದಲ ವಾರ ಮಸ್ಕಿ ನಿಲ್ದಾಣದ ಹಿಂದೆ ವಾಂತಿ ಮಾಡಿಕೊಳ್ಳುತ್ತಿದ್ದುದನ್ನು ನೋಡಿ, ಹಣ್ಣು ಮಾರುವವಳು ಎಷ್ಟನೇ ತಿಂಗಳವ್ವ ಎಂದು ಕೇಳಿದಳು. ಮನೆಗೆ ಬಂದು ಹೇಳಿದಾಗ ಗಂಡ ಬಹಳ ದಿನಗಳ ಮೇಲೆ ಜೋರಾಗಿ ನಕ್ಕರು.

ಈಗ ಎರಡು ವರ್ಷ ಆಗಿದೆ. ಎಪ್ಪತ್ತೊಂಬತ್ತು ಕಿಲೋಗೆ ಇಳಿದು, ಮತ್ತೆ ಎಂಬತ್ತೆರಡಕ್ಕೆ ಏರಿದ್ದೇನೆ. ಆ ಮೂರು ಕಿಲೋ ನನ್ನನ್ನು ನೂರಾ ಇಪ್ಪತ್ತೊಂದಕ್ಕಿಂತ ಹೆಚ್ಚು ಹೆದರಿಸುತ್ತವೆ. ರಕ್ತದಲ್ಲಿ ಕಬ್ಬಿಣ ಕಡಿಮೆ ಇದೆ, ಮಾತ್ರೆ ಬದುಕಿರುವತನಕ. ಮಧ್ಯಾಹ್ನದ ಟ್ರಿಪ್ಪಿನಲ್ಲಿ ಒಂದು ಆಕಳಿಕೆ ಬಂದರೂ ಸಾಕು, ಹಿಂದಿನ ಬಾಗಿಲಿಗೆ ಹೋಗಿ ಚಕ್ರ ನೋಡುತ್ತೇನೆ. ಗಂಡ ಈಗಲೂ ಒಂದು ಕೈ ನನ್ನ ಭುಜದ ಮೇಲಿಟ್ಟೇ ಮಲಗುತ್ತಾರೆ. ಅಕ್ಕ ನನ್ನ ತಟ್ಟೆ ನೋಡಿ ಕಣ್ಣು ತುಂಬಿಕೊಳ್ಳುವುದನ್ನು ಬಿಟ್ಟಿಲ್ಲ.

ಹೋದ ತಿಂಗಳು ಮಗಳು ಹಾಸ್ಟೆಲ್ಲಿನಿಂದ ಬಂದಿದ್ದಳು. ಡಿಗ್ರಿ ಸೇರಿದ ಮೇಲೆ ಮೈ ತುಂಬಿಕೊಂಡಿದ್ದಾಳೆ, ನಾನು ಅವಳ ವಯಸ್ಸಿನಲ್ಲಿ ಇದ್ದ ಹಾಗೇ. ನನ್ನ ಕಣ್ಣಿಗೆ ಅದು ಬಿದ್ದಿತ್ತು, ಬಾಯಿಬಿಟ್ಟಿರಲಿಲ್ಲ. ಊಟಕ್ಕೆ ಕುಳಿತಾಗ ಅವಳೇ ಕೇಳಿದಳು.

“ಯವ್ವಾ, ಮುಂದ ನನಗೂ ಮಾಡಸ್ತೀಯೇನು?”

ಇಲ್ಲ ಅನ್ನಲು ಬಾಯಿ ತೆರೆದೆ. ಆದರೆ ಅದು ನನ್ನ ಕೈಯಲ್ಲಿರುವ ಮಾತಲ್ಲ. ಗೊತ್ತಿಲ್ಲ ಅಂದೆ. ಅಷ್ಟಕ್ಕೇ ಬಿಡದೆ ಅವಳಿಗೆ ಎಲ್ಲವನ್ನೂ ಹೇಳಿದೆ. ಟೇಬಲ್ಲಿನ ಅಂಚು ಹಿಡಿದದ್ದು, ಕಾರಿನಲ್ಲಿ ನಾಡಿ ಎಣಿಸಿದ್ದು, ಅವಳಿಗೆ ಹೇಳಬೇಕೆಂದಿದ್ದ ಮಾತು ಬಾರದೆ ಗ್ಯಾಸಿನ ಪುಸ್ತಕ ಅಂದದ್ದು. ಅವಳು ಅನ್ನ ಕಲಸುವುದು ನಿಲ್ಲಿಸಿ ಕೇಳಿಸಿಕೊಂಡಳು. ಏನು ಹೇಳಬೇಕೆಂದಿದ್ದಿ ಎಂದು ವಿಚಾರಿಸಿದಳು. ಎಷ್ಟು ಯೋಚಿಸಿದರೂ ನನಗೆ ನೆನಪಾಗಲಿಲ್ಲ. ಅವಳ ತಟ್ಟೆಗೆ ಸಾರು ಹಾಕಿದೆ, ಉಣ್ಣು ಅಂದೆ. ಎಷ್ಟು ಎಂದು ಹೇಳಲಿಲ್ಲ.